ಡೋಸ್ ನಿಲ್ಲುವ ತನಕ

ಮಾರ್ಚ್ 9

ಅಕ್ಕಾ,

ಕ್ಷೇಮ ಎಂದು ಶುರು ಮಾಡಿದರೆ ನೀನು ನಂಬುವುದಿಲ್ಲ. ಇಲ್ಲ ಎಂದು ಶುರು ಮಾಡಿದರೆ ಮುಂದಿನ ಬಸ್ಸಿಗೆ ಬಂದಿಳಿಯುತ್ತೀಯ. ಅದಕ್ಕೇ ಆ ಸಾಲನ್ನೇ ಬಿಟ್ಟಿದ್ದೇನೆ.

ಭಾನುವಾರ ಮಗಳು ಸೂಜಿಯ ಜೊತೆ ಮಾತ್ರ ಫೋನು, ನಮ್ಮಿಬ್ಬರದು ಇನ್ನು ಕಾಗದದಲ್ಲಿ ಎಂದದ್ದಕ್ಕೆ ನಿನಗೆ ಬೇಸರವಾಗಿದೆಯಂತೆ, ಭಾವ ಹೇಳಿದರು. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ನಾನು ಹೂಂ ಎನ್ನುತ್ತೇನೆ. ಯಾತಕ್ಕೆ ಅಂದೆ ಎಂದು ಆಮೇಲೆ ಯೋಚಿಸುತ್ತೇನೆ. ನಿನ್ನ ಹಾಸ್ಟೆಲ್ಲಿನ ಹುಡುಗಿಯರಿಗೂ ಹೀಗೇ ಆಗುತ್ತದೋ ಏನೋ. ವಾರ್ಡನ್ ಆಗಿ ಇಪ್ಪತ್ತು ವರ್ಷ ಪಳಗಿದ ದನಿ ಅದು. ಕಾಗದದಲ್ಲಾದರೆ ಹೂಂ ಎಂದು ಬರೆಯುವ ಮೊದಲು ಪೆನ್ನಿನ ಮುಚ್ಚಳ ತೆಗೆಯಬೇಕು. ಅಷ್ಟು ಹೊತ್ತಾದರೂ ಸಿಗುತ್ತದೆ.

ಚಳಿಗಾಲದಲ್ಲಿ ಮಗಳನ್ನು ನಿನ್ನಲ್ಲಿ ಬಿಟ್ಟದ್ದು ತಪ್ಪೆಂದು ನಾನು ಹೇಳುತ್ತಿಲ್ಲ. ಅವಳಪ್ಪ ಬೇರೆ ಸಂಸಾರ ಹೂಡಿ ದೂರವಾಗಿದ್ದ. ನನಗೆ ನನ್ನ ತಲೆ ಬಾಚಿಕೊಳ್ಳುವುದೇ ಬೆಟ್ಟ ಹೊತ್ತಂತಾಗುತ್ತಿದ್ದಾಗ ಎಂಟು ವರ್ಷದವಳಿಗೆ ಜಡೆ ಹಾಕುವುದೆಲ್ಲಿ ಬಂತು.

ಡಾಕ್ಟರಮ್ಮ ಖಿನ್ನತೆಯ ಮಾತ್ರೆಯನ್ನು ಐವತ್ತು ಮಿಲಿಗ್ರಾಮಿನಿಂದ ನೂರಕ್ಕೆ ಏರಿಸಿದ್ದಾರೆ. ಮೊದಮೊದಲು ಹೊಟ್ಟೆ ತೊಳಸಿತು, ಬಾಯಿ ಒಣಗಿತು. ಈಗ ಪರವಾಗಿಲ್ಲ. ಬೆಳಿಗ್ಗೆ ಎದ್ದರೆ ಎದ್ದಿದ್ದೇನೆ ಎನ್ನುವುದು ತಿಳಿಯುತ್ತದೆ. ಹಲ್ಲಿನ ಸೆಟ್ಟು ಮಾಡುವ ಲ್ಯಾಬಿಗೆ ಮತ್ತೆ ಹೋಗಲು ಶುರು ಮಾಡಿದ್ದೇನೆ. ಮೇಜಿನ ಮೇಲೆ ಯಾರದೋ ದವಡೆಯ ಅಚ್ಚು, ಪಕ್ಕದಲ್ಲಿ ಮೇಣ, ದೀಪ, ಚಿಕ್ಕ ಚಾಕು. ಮೇಣದಲ್ಲಿ ಕಟ್ಟುಹಲ್ಲುಗಳನ್ನು ಒಂದೊಂದಾಗಿ ಕೂರಿಸುತ್ತಾ ಹೋದರೆ ಮಧ್ಯಾಹ್ನವಾಗುತ್ತದೆ. ನಾನು ಮರಳಿದ ದಿನ ಪಾಲಿಶ್ ಮಾಡುವಾಕೆ, "ಬಂದ್ಯಾ? ನೀನಿಲ್ದೆ ಊರಿನ ಮುದುಕರೆಲ್ಲ ಬಾಯಿ ಮುಚ್ಕೊಂಡು ಕೂತಿದ್ರು. ಅವರ ಸೊಸೇರು ನಿನಗೆ ಶಾಪ ಹಾಕ್ತಾರೆ ಈಗ" ಎಂದಳು.

ಸೂಜಿಯನ್ನು ಯಾವಾಗ ಕರೆದುಕೊಂಡು ಬರಲಿ? ಇದನ್ನು ಕೇಳಲಿಕ್ಕೇ ಇಷ್ಟು ಬರೆದದ್ದು.

ತಂಗಿ

ಮಾರ್ಚ್ 21

ತಂಗೀ,

ನಿನಗೆ ಕಾಗದ, ನನಗೆ ಕನ್ನಡಕ ಹುಡುಕುವ ಕೆಲಸ. ಇರಲಿ.

ಡಾಕ್ಟರು ಹೇಳಿದ್ದು ನಿನಗೆ ಗೊತ್ತಿಲ್ಲ. ಚಳಿಗಾಲದಲ್ಲಿ ಮೊದಲ ಸಲ ತೋರಿಸಿದ ದಿನ ನೀನು ಹೊರಗೆ ಬೆಂಚಿನ ಮೇಲೆ ಗೋಡೆ ನೋಡುತ್ತ ಕೂತಿದ್ದೆ, ಒಳಗೆ ಕೇಳಿಸಿಕೊಂಡವಳು ನಾನು. ಮೊದಲು ಡೋಸ್ ಒಂದು ಕಡೆ ನಿಲ್ಲಬೇಕು. ನಿಂತ ಮೇಲೆ ಎರಡು ತಿಂಗಳು ಅಲುಗಬಾರದು. ಆಮೇಲೆ ಮಗುವಿನ ಮಾತು. ನಡುವೆ ಬದಲಾದರೆ ಲೆಕ್ಕ ಮತ್ತೆ ಮೊದಲಿಂದ. ಇದು ನನ್ನ ಕಾನೂನಲ್ಲ, ಅವರದು.

ಸೂಜಿ ಚೆನ್ನಾಗಿದ್ದಾಳೆ. ಅವಳ ಮಂಚ ಕಿಟಕಿಯ ಪಕ್ಕ. ಹುಡುಗಿಯರು ದಿನಕ್ಕೊಂದು ನಮೂನೆಯ ಜಡೆ ಹಾಕುತ್ತಾರೆ. ನಿನ್ನೆ ಮೆಸ್ಸಿನ ಅಡುಗೆಯವನಿಗೆ, "ನಿಮ್ಮ ಸೌಟೇ ಎಲ್ಲಾ ತಿಂದ್ಬಿಡುತ್ತೆ ಅನ್ಸುತ್ತೆ, ನಮ್ಮ ತಟ್ಟೇಗೆ ಏನೂ ಬೀಳಲ್ಲ" ಎಂದಳಂತೆ. ಅವನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾನೆ. ಸೂಜಿ ಎಂದು ಕರೆದದ್ದು ಸುಮ್ಮನಲ್ಲ.

ನಿನ್ನನ್ನು ಕೇಳುವುದು ಕಡಿಮೆ ಮಾಡಿದ್ದಾಳೆ. ಬೇಜಾರು ಪಡಬೇಡ. ಮಕ್ಕಳ ಜಾತಿಯೇ ಹಾಗೆ, ಕಣ್ಣಿಗೆ ಮರೆಯಾದದ್ದು ಮನಸ್ಸಿಗೂ ಮರೆ. ಇದು ನಿನಗೂ ಒಳ್ಳೆಯದೇ.

ಮಾತ್ರೆ ತಪ್ಪಿಸಬೇಡ.

ಅಕ್ಕ

ಏಪ್ರಿಲ್ 17

ಅಕ್ಕಾ,

ನೂರು ನೂರಾಗಿಯೇ ಇದೆ. ಮೊನ್ನೆ ಡಾಕ್ಟರಮ್ಮನ ಹತ್ತಿರ ಹೋಗಿದ್ದೆ.

"ಏನಮ್ಮಾ, ಏನಾದ್ರೂ ತೊಂದ್ರೆ?"

"ಇಲ್ಲ."

"ಕೈ ನಡುಕ, ಬೆವರು, ನಿದ್ದೆ?"

"ಎಲ್ಲಾ ಸರಿ ಇದೆ."

"ನೂರು ಇಷ್ಟು ಸಲೀಸಾಗಿ ಹಿಡಿಸಿದೋರು ಕಡಿಮೆ" ಎಂದರು. ಶಾಲೆಯಲ್ಲಿ ನನಗೆ ಸಿಗದೆ ಹೋದ ಶಹಬ್ಬಾಸು ಇಲ್ಲಿ ಸಿಕ್ಕಿತು.

ಲ್ಯಾಬಿನಲ್ಲಿ ಒಬ್ಬಳು ಗಿರಾಕಿ ಇದ್ದಾಳೆ. ನಿದ್ದೆಯಲ್ಲಿ ಹಲ್ಲು ಕಡಿಯುತ್ತಾಳೆ. ಏಳುವಾಗ ದವಡೆ ಬಿಗಿದು ಕಿವಿಯ ತನಕ ನೋವು. ಕೆಳಸಾಲಿನ ಎರಡು ಹಲ್ಲಿನ ಅಂಚು ಆಗಲೇ ಸವೆದಿದೆ. ಮಲಗುವಾಗ ಕಚ್ಚಿಕೊಳ್ಳಲು ಹಲ್ಲಿನ ಸಾಲಿಗೆ ಕೂರುವ ಗಾಜಿನಂಥ ಒಂದು ಕವಚ ಮಾಡಿಕೊಟ್ಟೆ. ಸ್ವಲ್ಪ ದಿನಕ್ಕೇ ಅದನ್ನೂ ಕಡಿದು ತೂತು ಮಾಡಿದಳು. ಇನ್ನೊಂದು ಮಾಡಿದೆ, ದಪ್ಪನೆಯದು. ಲ್ಯಾಬಿನ ಯಜಮಾನರು ಯಾರಿಗೆ ಇದು ಎಂದು ಕೇಳಿದರು. ನಮ್ಮ ಸಂಬಂಧಿಕರು ಎಂದೆ. "ಕಡಲೆ ಇದ್ದೋರಿಗೆ ಹಲ್ಲಿಲ್ಲ ಅಂತಾರೆ. ನಿಮ್ಮ ಸಂಬಂಧಿಕರು ಕಡಲೆ ಇಲ್ದೇನೇ ಅಗೀತಾರಲ್ರೀ" ಎಂದರು.

ಮೇ ಹತ್ತಕ್ಕೆ ಬರುತ್ತೇನೆ. ಆಗ ಎರಡು ತಿಂಗಳು ತುಂಬಿ ದಾಟಿರುತ್ತದೆ. ಸೂಜಿಯ ಬಟ್ಟೆ ಒಗೆದಿಟ್ಟಿರು.

ತಂಗಿ

ಮೇ 15

ತಂಗೀ,

ಬರಿಗೈಯಲ್ಲಿ ಕಳಿಸಿದೆನೆಂದು ನಿನಗೆ ಸಿಟ್ಟಿರಬೇಕು. ಇದ್ದರೂ ಮುಖದ ಮೇಲೆ ಕಾಣಲಿಲ್ಲ. ನನ್ನ ಹೆದರಿಕೆಯೂ ಅದೇ.

ಅಮ್ಮ ಬರುತ್ತಾಳೆಂದು ಆ ಮಗು ಹಾಡು ಕಲಿತಿತ್ತು. ಕೈಕಟ್ಟಿ ನಿಂತು ಹಾಡುತ್ತಿದ್ದರೆ ನೀನು ಆಕಳಿಸಿದೆ. ಒಂದು ಸಲ ಆದರೆ ಪ್ರಯಾಣದ ಆಯಾಸ ಎನ್ನಬಹುದು. ಪಲ್ಲವಿಗೊಂದು, ಚರಣಕ್ಕೊಂದು. ಅವಳು ಕೊನೆಯ ಸಾಲು ಬಿಟ್ಟು ಮುಗಿಸಿದ್ದನ್ನು ನೀನು ಗಮನಿಸಲೂ ಇಲ್ಲ.

ಆಮೇಲೆ ನಾನು, ಇವತ್ತು ಕಳಿಸುವುದಿಲ್ಲ, ಇನ್ನೂ ಸ್ವಲ್ಪ ದಿನ ಹೋಗಲಿ ಎಂದೆ. ನೀನು "ಆಯ್ತು" ಎಂದು ಚಪ್ಪಲಿ ಮೆಟ್ಟಿಕೊಂಡೆ. ಹೆತ್ತವಳು ಹಾಗೆ ಆಯ್ತು ಎನ್ನುತ್ತಾಳೆಯೇ? ನೀನು ಅತ್ತು ಕರೆದು ಜಗಳವಾಡಿದ್ದರೆ ಬಹುಶಃ ನಾನೇ ಪೆಟ್ಟಿಗೆ ಕಟ್ಟಿಕೊಡುತ್ತಿದ್ದೆ. ನಿನ್ನ ಭಾವ ಯಾರ ಸುದ್ದಿಗೂ ಹೋಗುವವರಲ್ಲ. ಅವರೂ "ಏನು, ಕಲ್ಲಿನ ಹಾಗೆ ಕೂತಿದ್ಲಲ್ಲ" ಎಂದರು.

ಡೋಸ್ ನಿಂತಿರಬಹುದು, ಆದರೆ ನೀನು ಸರಿಯಿಲ್ಲ. ಡಾಕ್ಟರಿಗೆ ಹೇಳಿ ಸರಿ ಮಾಡಿಸು. ಆಮೇಲೆ ನೋಡೋಣ.

ಅಕ್ಕ

ಮೇ 23

ಅಕ್ಕಾ,

ಆ ಆಕಳಿಕೆ ನಿದ್ದೆಯದಲ್ಲ, ಬೇಸರದ್ದೂ ಅಲ್ಲ, ಮಾತ್ರೆಯದು. ಪೊಟ್ಟಣದೊಳಗಿನ ಚೀಟಿಯಲ್ಲಿ ಸಣ್ಣಕ್ಷರದಲ್ಲಿ ಬರೆದಿದೆ. ಬಸ್ಸಿನಲ್ಲಿ ಆಕಳಿಸುತ್ತೇನೆ, ಹಲ್ಲು ಕೂರಿಸುವಾಗ ಆಕಳಿಸುತ್ತೇನೆ, ಪಕ್ಕದ ಮನೆಯವರ ಸಾವಿಗೆ ಹೋಗಿ ಹೆಣದ ಮುಂದೆ ಆಕಳಿಸಿದ್ದೇನೆ.

ಅವಳು ಹಾಡುತ್ತಿದ್ದಾಗ ಅಳು ಬರಬೇಕಾದ ಜಾಗ ನನಗೆ ಚೆನ್ನಾಗಿ ಗೊತ್ತಾಯಿತು. ನೆಗಡಿಯಾದಾಗ ಇಲ್ಲಿ ಒಂದು ವಾಸನೆ ಇರಬೇಕಿತ್ತು ಎಂದು ಗೊತ್ತಾಗುತ್ತದಲ್ಲ, ಹಾಗೆ. ಕಾದೆ. ಬರಲಿಲ್ಲ. ಕೊನೆಯ ಸಾಲು ಬಿಟ್ಟದ್ದನ್ನೂ ಗಮನಿಸಿದೆ. ಗಮನಿಸಿದ್ದಕ್ಕೆ ಮುಖ ಹೇಗೆ ಮಾಡಬೇಕೆಂದು ತಿಳಿಯಲಿಲ್ಲ.

ಡೋಸ್ ಸರಿ ಮಾಡಿಸು ಎನ್ನುತ್ತೀಯ. ಮಾಡಿಸಿದರೆ ಲೆಕ್ಕ ಮೊದಲಿಂದ. ಮಾಡಿಸದಿದ್ದರೆ ನಾನು ಕಲ್ಲು. ಎರಡರಲ್ಲಿ ಯಾವುದನ್ನು ಮಾಡಿದರೆ ಮಗಳನ್ನು ಕೊಡುತ್ತೀಯ, ಅದನ್ನು ಬರೆ. ಅದನ್ನೇ ಮಾಡುತ್ತೇನೆ.

ತಂಗಿ

ಜೂನ್ 9

ತಂಗೀ,

ಆಕಳಿಸಿದರೆ ಮಾತ್ರೆ, ಅಳದಿದ್ದರೆ ಮಾತ್ರೆ, ಆಯ್ತು ಎಂದರೂ ಮಾತ್ರೆ. ಹಾಗಾದರೆ ನೀನು ಎಲ್ಲಿ ಹೋದೆ? ನಾನು ನನ್ನ ತಂಗಿಗೆ ಬರೆಯುತ್ತಿದ್ದೇನೋ, ಔಷಧಿ ಅಂಗಡಿಗೋ?

ಕಟುವಾಯಿತು. ಹರಿದು ಹಾಕಿ ಬೇರೆ ಬರೆಯೋಣವೆಂದರೆ ಮೆಸ್ಸಿನಿಂದ ಕರೆಯುತ್ತಿದ್ದಾರೆ. ಇದೇ ಹೋಗಲಿ.

ಕೊಡುತ್ತೀಯ ಎಂದು ಬರೆದಿದ್ದೀಯ. ಅವಳೇನು ನಾನು ಕಿತ್ತುಕೊಂಡ ಪಾತ್ರೆಯೇ? ಚೆನ್ನಾಗಿ ಉಣ್ಣುತ್ತಾಳೆ, ಓದುತ್ತಾಳೆ. ಭಾನುವಾರ ಫೋನಿನಲ್ಲಿ ನಿನ್ನ ಜೊತೆ ನಗುನಗುತ್ತಲೇ ಮಾತಾಡುತ್ತಾಳಲ್ಲ, ಒಂದು ದಿನವಾದರೂ ಯಾವಾಗ ಬರ್ತೀಯಾ ಎಂದು ಕೇಳಿದ್ದಾಳೆಯೇ? ಕೇಳಲಿ, ಆ ದಿನವೇ ಕಳಿಸುತ್ತೇನೆ.

ಜುಲೈಯಲ್ಲಿ ಅವಳಿಗೆ ಎರಡು ದಿನ ರಜೆ ಇದೆ. ಬಾ. ಅವಳಿಗೆ ತನ್ನ ಹಳೆಯ ಅಮ್ಮ ಕಾಣಿಸಲಿ. ಒಂದು ಹನಿ ಕಣ್ಣೀರು ಕಂಡರೂ ಸಾಕು, ನಾನು ಎಲ್ಲ ಲೆಕ್ಕವನ್ನೂ ಪಕ್ಕಕ್ಕಿಡುತ್ತೇನೆ.

ಅಕ್ಕ

ಜುಲೈ 16

ತಂಗೀ,

ನೀನು ಮನೆ ಮುಟ್ಟಿದೆ ಎಂದು ಭಾವನಿಗೆ ಫೋನು ಮಾಡಿದೆಯಂತೆ. ಸದ್ಯ.

ಏನೆಂದು ಬರೆಯಲಿ. ಬಾಗಿಲಲ್ಲಿ ಸೂಜಿಯನ್ನು ಕಂಡದ್ದೇ ಶುರುವಾದ ನಿನ್ನ ಅಳು ಸಂಜೆಯಾದರೂ ನಿಲ್ಲಲಿಲ್ಲ. ಮೊದಲು ನನಗೂ ಸಮಾಧಾನವೇ ಆಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಹೆದರಿಕೆಯಾಯಿತು. ನೀನು ಅವಳ ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತೆ. ಹುಡುಗಿಯರು ಮೆಟ್ಟಿಲಿನ ಮೇಲೆ ನಿಂತು ನೋಡುತ್ತಿದ್ದರು. ಮಗು ಅಲ್ಲಾಡದೆ ನಿಂತಿತ್ತು, ಮುಖ ಬಿಳುಚಿಕೊಂಡು. ನಾನು ಬಿಡಿಸಿ ಒಳಗೆ ಕಳಿಸದಿದ್ದರೆ ಏನಾಗುತ್ತಿತ್ತೋ.

ಇದು ಅದೇ ಚಳಿಗಾಲದ ಕಾಯಿಲೆ. ಮರುಕಳಿಸಿದೆ. ಈ ಸ್ಥಿತಿಯಲ್ಲಿ ಕಳಿಸಲಾರೆ. ನನ್ನ ಮೇಲೆ ಆಣೆ, ಡಾಕ್ಟರನ್ನು ನೋಡು.

ಅಕ್ಕ

ಜುಲೈ 29

ಅಕ್ಕಾ,

ನೋಡಿದೆ. ಎಲ್ಲವನ್ನೂ ಹೇಳಿದೆ. ನಿನಗೂ ಹೇಳುತ್ತೇನೆ.

ನಿನ್ನ ಜೂನಿನ ಕಾಗದ ಬಂದ ಮೇಲೆ ಲ್ಯಾಬಿನ ಚಾಕುವಿನಿಂದ ಮಾತ್ರೆಯನ್ನು ಎರಡು ಮಾಡಿ ಅರ್ಧ ನುಂಗಿದೆ. ವಾರ ಕಳೆದು ಅದರಲ್ಲೂ ಅರ್ಧ. ಯಾರನ್ನೂ ಕೇಳಲಿಲ್ಲ. ತಲೆ ತಿರುಗಿಸಿದರೆ ಒಳಗೆ ಕರೆಂಟು ಹೊಡೆದಂತೆ ಝಲ್ ಎನ್ನುತ್ತಿತ್ತು. ಮೆಟ್ಟಿಲು ಇದ್ದಲ್ಲಿ ಇರುತ್ತಿರಲಿಲ್ಲ. ಮೇಣದಲ್ಲಿ ಕೂರಿಸಿದ ಹಲ್ಲು ಓರೆಯಾಗಿ, "ಏನ್ರೀ, ಈ ಸೆಟ್ಟು ಯಾರನ್ನೋ ಗದರಿಸ್ತಾ ಇದೆಯಲ್ಲ" ಎಂದು ಯಜಮಾನರು ಅಷ್ಟನ್ನೂ ಕಿತ್ತು ಮತ್ತೆ ಮಾಡಿಸಿದರು. ಆದರೆ ಅಳು ವಾಪಸು ಬಂತು. ಬಸ್ಸಿನಲ್ಲಿ ಯಾರದೋ ಮಗು ಚಪ್ಪಲಿ ಕಳೆದುಕೊಂಡದ್ದಕ್ಕೆ ಅತ್ತೆ. ಆಗ ಟಿಕೆಟ್ಟು ತೆಗೆಸಿದೆ.

ಒಂದು ಹನಿ ಸಾಕು ಎಂದು ನೀನು ಬರೆದಿದ್ದೆ. ಒಂದೇ ಹನಿಗೆ ನಿಲ್ಲಿಸುವುದು ನನಗೆ ಬರಲಿಲ್ಲ. ಮೇಯಲ್ಲಿ ಅಳಲಿಲ್ಲವೆಂದು ಕಳಿಸಲಿಲ್ಲ, ಜುಲೈಯಲ್ಲಿ ಅತ್ತೆನೆಂದು ಕಳಿಸಲಿಲ್ಲ.

ಹಲ್ಲು ಕಡಿಯುವ ಆ ಗಿರಾಕಿ ಯಾರೆಂದು ನಿನಗೆ ಈಗ ತಿಳಿದಿರಬೇಕು. ಡಾಕ್ಟರಮ್ಮ ನನ್ನ ಬಾಯೊಳಗೆ ಟಾರ್ಚು ಬಿಟ್ಟು ನೋಡಿ ಪೆನ್ನು ಕೆಳಗಿಟ್ಟರು.

"ಇಷ್ಟು ದಿನ ಯಾಕಮ್ಮಾ ಹೇಳ್ಲಿಲ್ಲ?"

"ಹೇಳಿದ್ರೆ ಡೋಸ್ ಬದಲಾಯಿಸ್ತೀರಿ. ಬದಲಾಯಿಸಿದ್ರೆ ಮಗಳು ಬರೋದು ಮತ್ತೆ ಎರಡು ತಿಂಗಳು ಮುಂದಕ್ಕೆ ಹೋಗುತ್ತೆ."

"ಯಾರು ಹೇಳಿದ್ದು ಹಾಗಂತ?"

"ನೀವೇ. ನಮ್ಮಕ್ಕನಿಗೆ."

ಅವರು ನನ್ನನ್ನೇ ನೋಡಿದರು. "ಮಾತ್ರೆ ಹಿಡಿಸೋಕೆ ಒಂದೆರಡು ತಿಂಗಳು ಬೇಕು, ಅಲ್ಲೀತನಕ ಮನೆಗೆಲಸಕ್ಕೆ ಯಾರಾದ್ರೂ ಜೊತೆಗಿರಿ ಅಂದಿದ್ದೆ. ಜೊತೆಗಿರಿ ಅಂದಿದ್ದು. ಮಗೂನ ಬೇರೆ ಇಡಿ ಅಂತ ನಾನ್ಯಾಕಮ್ಮ ಹೇಳ್ಲಿ?"

ಈಗ ಕ್ರಮವಾಗಿ ಎಪ್ಪತ್ತೈದಕ್ಕೆ ಬರುವಂತೆ ಬರೆದುಕೊಟ್ಟಿದ್ದಾರೆ. ಒಗ್ಗದಿದ್ದರೆ ಬೇರೆ ಮಾತ್ರೆಯಂತೆ. ನಾನೇ ಕತ್ತರಿಸಬಾರದು ಎಂದು ಮೂರು ಸಲ ಹೇಳಿಸಿದರು.

ಆ ದಿನ ಒಳಗೆ ನೀನು ಏನು ಕೇಳಿಸಿಕೊಂಡೆ, ಅಕ್ಕಾ?

ತಂಗಿ

ಆಗಸ್ಟ್ 7

ತಂಗೀ,

ಅವರು ಹಾಗೆ ಹೇಳಿದರೋ ಹೀಗೆ ಹೇಳಿದರೋ, ನನಗೆ ಕೇಳಿಸಿದ್ದನ್ನು ಬರೆದೆ. ಎರಡು ತಿಂಗಳು ಎಂದದ್ದಂತೂ ನಿಜ ತಾನೇ.

ಡಾಕ್ಟರು ನಿನ್ನನ್ನು ಕುರ್ಚಿಯ ಮೇಲೆ ಕಂಡವರು. ನಾನು ಆ ಚಳಿಗಾಲದಲ್ಲಿ ನಿನ್ನ ಮನೆಯ ಬೀಗ ಒಡೆಸಿ ಒಳಗೆ ಬಂದವಳು. ಬಚ್ಚಲಿನ ನಲ್ಲಿ ತೆರೆದಿತ್ತು, ನೀರು ಅಡುಗೆಮನೆ ದಾಟಿತ್ತು, ನೀನು ಅದರಲ್ಲಿ ಕಾಲಿಟ್ಟುಕೊಂಡು ಕೂತಿದ್ದೆ. ಮಗು ಶಾಲೆಯ ಯೂನಿಫಾರಮ್ಮಿನಿಂದ ನೆಲ ಒರೆಸುತ್ತಿತ್ತು. ಅದನ್ನು ಕಂಡ ಮೇಲೆ ಯಾರು ಏನೇ ಹೇಳಿದರೂ ನನಗೆ ಒಂದೇ ಮಾತು ಕೇಳಿಸುತ್ತದೆ. ನಿನಗೆ ಅದು ನೆನಪಿರಲಿಕ್ಕಿಲ್ಲ. ನೆನಪಿರುವವರು ಬದುಕುವುದು ಹೇಗೆಂದು ಯಾರೂ ಮಾತ್ರೆ ಬರೆದುಕೊಡುವುದಿಲ್ಲ.

ಇನ್ನೊಂದು ಮಾತು. ಇಪ್ಪತ್ತು ವರ್ಷದಿಂದ ಹುಡುಗಿಯರು ಪೆಟ್ಟಿಗೆ ಎತ್ತಿಕೊಂಡು ನನ್ನ ಬಾಗಿಲು ದಾಟುತ್ತಿದ್ದಾರೆ. ವಾರ್ಡನ್ ಕಾಟ ತಪ್ಪಿತು ಎಂದು ನಗುತ್ತ ಹೋಗುತ್ತಾರೆ. ಮಲಗುವಾಗ ನನ್ನ ಬೆರಳು ಹಿಡಿದುಕೊಂಡವಳು ಇವಳೊಬ್ಬಳೇ. ಇದನ್ನು ಓದಿ ನಗಬೇಡ.

ವರ್ಷದ ಪರೀಕ್ಷೆ ಮುಗಿಯಲಿ. ಅಲ್ಲಿಯವರೆಗೆ ಬಿಡು.

ಅಕ್ಕ

ಆಗಸ್ಟ್ 12

ಅಕ್ಕಾ,

ನಗಲಿಲ್ಲ. ಆ ನೀರು ನನಗೆ ನೆನಪಿದೆ.

ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಮಧ್ಯಾಹ್ನದ ಬಸ್ಸಿಗೆ ಅವಳನ್ನು ಕರೆದುಕೊಂಡು ಹೊರಡುತ್ತೇನೆ. ಇದು ಕೇಳುತ್ತಿರುವುದಲ್ಲ, ತಿಳಿಸುತ್ತಿರುವುದು.

ತಂಗಿ

ಆಗಸ್ಟ್ 27

ತಂಗೀ,

ನೀನು ಗೆದ್ದೆ. ಸಂತೋಷ.

ನಾನು ಒಳಗೆ ಬಾಗಿಲು ಹಾಕಿಕೊಂಡದ್ದು ಸಣ್ಣತನವೆಂದು ನಿನಗೆ ಅನ್ನಿಸಿರಬಹುದು. ಕಿಟಕಿಯಿಂದ ನೋಡಿದೆ. ನಿನ್ನ ಭಾವ ಅವಳ ಚೀಲ ಹೊತ್ತು ಬಸ್ಸಿನ ತನಕ ಬಂದರು. ಇಷ್ಟು ವರ್ಷದಲ್ಲಿ ನನ್ನ ಮಾತು ಮೀರಿದ್ದು ಅದೊಂದು ಸಲ. ಯಾಕೆ ಹೋದಿರಿ ಎಂದರೆ "ಚೀಲ ಭಾರ ಇತ್ತು" ಎಂದರು. ಅಷ್ಟೇ. ಅಂದಿನಿಂದ ನಮ್ಮ ಮನೆಯಲ್ಲಿ ಪತ್ರಿಕೆಯ ಹಾಳೆ ಮಗುಚುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಹಿಂದಿನ ದಿನ ಅವಳಿಗೆ ಹೇಳಿದೆ, ನಾಳೆ ಅಮ್ಮ ಬರುತ್ತಾಳೆ, ಹೋಗ್ತೀಯಾ ಎಂದು. "ಆಯ್ತು" ಎಂದಳು. ಅಳಲಿಲ್ಲ, ಕುಣಿಯಲಿಲ್ಲ. ಥೇಟ್ ನೀನೇ. ಸಾಕಿದ್ದಕ್ಕೆ ನನಗೆ ಸಿಕ್ಕಿದ್ದು ಅಷ್ಟು.

ಅವಳ ಉಣ್ಣೆಯ ಅಂಗಿ ಇಲ್ಲೇ ಉಳಿದಿದೆ. ಡೋಸ್ ಎಷ್ಟಕ್ಕೆ ನಿಂತಿತು? ಅದನ್ನಾದರೂ ಬರೆ.

ಅಕ್ಕ

ಸೆಪ್ಟೆಂಬರ್ 20

ಅಕ್ಕಾ,

ಎಪ್ಪತ್ತೈದಕ್ಕೆ ನಿಂತಿದೆ. ಆಕಳಿಕೆ ಹೋಯಿತು. ಬೆವರು ಇದೆ. ದವಡೆ ಬಿಗಿಯುತ್ತದೆ, ಆದರೆ ಕವಚಕ್ಕೆ ತೂತು ಬಿದ್ದಿಲ್ಲ. ಅಳು ಬರಬೇಕಾದ ಕಡೆ ಅರ್ಧ ಬರುತ್ತದೆ. ಸದ್ಯಕ್ಕೆ ಇಷ್ಟು ಸಾಕೆಂದು ಡಾಕ್ಟರಮ್ಮ ಹೇಳಿದರು. ನನಗೂ ಸಾಕು.

ಬರೆಯಲು ತಡವಾದದ್ದು ಸಿಟ್ಟಿನಿಂದಲ್ಲ. ನಾನು ಸೂಜಿಯನ್ನು ನೋಡುತ್ತಿದ್ದೆ.

ಅವಳು ಏನನ್ನೂ ಕೇಳುವುದಿಲ್ಲ. ತಟ್ಟೆಗೆ ಹಾಕಿದಷ್ಟು ತಿನ್ನುತ್ತಾಳೆ, ಸಾಲದಿದ್ದರೆ ಸುಮ್ಮನೆ ಕೈ ತೊಳೆಯುತ್ತಾಳೆ. ಅಡುಗೆಯವನ ಸೌಟಿಗೆ ಮಾತು ಚುಚ್ಚಿದ ಹುಡುಗಿ ಇವಳೇ ಹೌದೋ ಎಂದು ನನಗೆ ಸಂಶಯ. ಶೂ ಬಿಗಿಯಾಗಿ ಹಿಮ್ಮಡಿ ಕೆತ್ತಿಹೋಗಿತ್ತು. ಕಾಲುಚೀಲ ಒಗೆಯುವಾಗ ರಕ್ತ ಕಂಡು ನನಗೆ ತಿಳಿದದ್ದು. "ಯಾಕೆ ಹೇಳ್ಲಿಲ್ಲ ಕಣೇ?" ಎಂದರೆ "ಏನಿಲ್ಲಮ್ಮಾ, ಸರಿ ಇದೆ" ಎಂದಳು. ಡಾಕ್ಟರಮ್ಮನ ಮುಂದೆ ನಾನು ಹೇಳುತ್ತಿದ್ದ ಅದೇ ಮಾತು, ಅದೇ ದನಿ.

ಕಳೆದ ವಾರ ಶಾಲೆಯ ಮೆಟ್ಟಿಲಿನಿಂದ ಬಿದ್ದು ಗಲ್ಲ ಒಡೆದುಕೊಂಡಳು. ಆಸ್ಪತ್ರೆಗೆ ಎತ್ತಿಕೊಂಡು ಹೋದೆ. ಹೊಲಿಗೆ ಹಾಕಿದರು. ನರ್ಸು, "ಎಂಥಾ ಗಟ್ಟಿ ಹುಡುಗಿ, ಉಸಿರೂ ಬಿಡ್ಲಿಲ್ಲ ನೋಡಿ" ಎಂದು ಬಾಗಿಲಲ್ಲಿದ್ದವರನ್ನೆಲ್ಲ ಕರೆದು ತೋರಿಸಿದಳು. ನನ್ನ ಅಂಗೈಯಲ್ಲಿ ಅವಳ ಉಗುರು ಇಳಿದಿತ್ತು.

ಮರಳುವ ದಾರಿಯಲ್ಲಿ ಒಂದು ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂರಿಸಿಕೊಂಡೆ. "ನೋವಾದ್ರೆ ಅಳ್ಬೇಕು ಮಗಾ" ಎಂದೆ. ಅವಳು ನನ್ನ ಮುಖವನ್ನು ತುಂಬ ಹೊತ್ತು ನೋಡಿದಳು. ಹೇಳಬಹುದೋ ಬಾರದೋ ಎಂದು ಅಳೆಯುತ್ತಿದ್ದಳು.

"ನಾನು ಅತ್ರೆ ನಿನಗೆ ಮಾತ್ರೆ ಜಾಸ್ತಿ ಮಾಡ್ತಾರೆ."

"ಯಾರಂದ್ರು?"

"ದೊಡ್ಡಮ್ಮ. ಫೋನಲ್ಲಿ ಯಾವಾಗ ಬರ್ತೀಯಾ ಅಂತ ಕೇಳಿದ್ರೂ ಜಾಸ್ತಿ ಮಾಡ್ತಾರಂತೆ. ಜಾಸ್ತಿ ಆದ್ರೆ ನೀನು ಬರೋದೇ ಇಲ್ಲ ಅಂದ್ರು. ಅದಕ್ಕೇ ನಗ್ತಾ ಮಾತಾಡ್ತಿದ್ದೆ."

ಹೊಲಿಗೆ ಎಳೆಯುತ್ತಿದ್ದುದರಿಂದ ಅವಳಿಗೆ ಬಾಯಿ ಪೂರ್ತಿ ತೆರೆಯಲಾಗುತ್ತಿರಲಿಲ್ಲ. "ಹಾಗೇನೂ ಇಲ್ಲ ಕಣೇ, ಅದು ಸುಳ್ಳು" ಎಂದೆ.

"ಆಯ್ತು" ಎಂದಳು. ಅಳಲಿಲ್ಲ.

ಕೇಳುವುದೇ ಇಲ್ಲವೆಂದು ನೀನು ನನಗೆ ಬರೆಯುತ್ತಿದ್ದ ದಿನಗಳಲ್ಲಿ ಅವಳು ಹಲ್ಲು ಕಚ್ಚಿಕೊಂಡು ನನ್ನ ಡೋಸನ್ನು ಹಿಡಿದು ನಿಲ್ಲಿಸಿದ್ದಳು. ನಾನೂ ಇಲ್ಲಿ ಅದನ್ನೇ ಮಾಡುತ್ತಿದ್ದೆ.

ನನ್ನ ಮಾತ್ರೆ ಏರಿಸಲು, ಇಳಿಸಲು ಡಾಕ್ಟರಮ್ಮ ಒಂದು ಕ್ರಮ ಹಾಕಿಕೊಟ್ಟರು. ಇವಳಿಗೆ ಯಾವ ಡಾಕ್ಟರೂ ಏನನ್ನೂ ಬರೆದುಕೊಟ್ಟಿರಲಿಲ್ಲ, ಆದ್ದರಿಂದ ಎಲ್ಲಿಂದ ಇಳಿಸಲು ಶುರು ಮಾಡಬೇಕೆಂದು ನನಗೆ ತಿಳಿಯುತ್ತಿಲ್ಲ. ಅತ್ತರೆ ಮಾತ್ರೆ ಜಾಸ್ತಿ ಎಂಬ ಆ ಮಾತನ್ನು ನೀನು ಅವಳಿಗೆ ದಿನಕ್ಕೆ ಎಷ್ಟು ಸಲ ಕೊಡುತ್ತಿದ್ದೆ, ಅಕ್ಕಾ? ಅದನ್ನಾದರೂ ಬರೆ.

ತಂಗಿ